ತೀವ್ರ ನಿಗಾ ಸೌಲಭ್ಯಗಳ ಹಂಚಿಕೆ: ಕೋವಿಡ್ ಕಾಲದ ಚೆನ್ನೈ

ಸಾಂಕ್ರಾಮಿಕ ರೋಗ ಹಬ್ಬಿ ಐಸಿಯು ಹಾಸಿಗೆ, ವೆಂಟಿಲೇಟರ್, ಆಮ್ಲಜನಕ, ಪರಿಣತ ದಾದಿಯರು ಇವೆಲ್ಲ ಸಾಲದೆ ಹೋದಾಗ ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾರಿಗೆ ಇಲ್ಲ ಎಂದು ತೀರ್ಮಾನಿಸುವ ಕ್ರಮ. ವೈದ್ಯಕೀಯ, ನೀತಿಶಾಸ್ತ್ರ, ಕಾನೂನು, ಆಡಳಿತ ನಾಲ್ಕೂ ಕೂಡುವ ವಿಷಯವಿದು. ಕೊರತೆ ಬಂದ ಮೇಲೆ ಹಂಚಿಕೆ ಹೇಗೂ ನಡೆಯುತ್ತದೆ, ಬರೆದಿಟ್ಟ ನಿಯಮ ಇರಲಿ, ಇಲ್ಲದಿರಲಿ. ನಿಯಮ ಇಲ್ಲದ ಕಡೆ ಸರತಿ ಸಾಲು, ಹಣ, ದೂರವಾಣಿ ಕರೆ, ಪರಿಚಯ ಇವೇ ನಿಯಮಗಳಾಗುತ್ತವೆ. 2020 ಮತ್ತು 2021ರ ಚೆನ್ನೈ ಇದಕ್ಕೆ ಒಳ್ಳೆಯ ಉದಾಹರಣೆ. ಅಂಗಾಂಗ ಹಂಚಿಕೆಗೆ ದೇಶವೇ ನೋಡುವಂಥ ಪಟ್ಟಿಯನ್ನು 2008ರಲ್ಲೇ ಮಾಡಿಟ್ಟಿದ್ದ ನಗರದಲ್ಲಿ ಐಸಿಯು ಹಾಸಿಗೆಗೆ ಅಂಥದ್ದೊಂದು ಪಟ್ಟಿ ಇರಲಿಲ್ಲ.

ಹಂಚಬೇಕಾದದ್ದು ಏನು

ಆಗ ಎಲ್ಲರ ಬಾಯಲ್ಲೂ ಇದ್ದದ್ದು 'ಬೆಡ್'. 'ಬೆಡ್ ಸಿಕ್ತಾ?', 'ಸ್ಯಾಚುರೇಷನ್ ಎಷ್ಟು?' ಈ ಎರಡು ಪ್ರಶ್ನೆಗಳಲ್ಲೇ 2021ರ ಮೇ ತಿಂಗಳು ಕಳೆಯಿತು. ಆದರೆ ಹಾಸಿಗೆ ತರುವುದು ಈ ಕೆಲಸದಲ್ಲಿ ಅತಿ ಸುಲಭದ ಭಾಗ. ನಂದಂಬಾಕ್ಕಂನ ಟ್ರೇಡ್ ಸೆಂಟರ್‌ನಂಥ ಪ್ರದರ್ಶನ ಸಭಾಂಗಣದಲ್ಲೂ ಕೆಲವೇ ದಿನಗಳಲ್ಲಿ ನೂರಾರು ಹಾಸಿಗೆ ಹಾಸಬಹುದು. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಪ್ರತಿ ಪಾಳಿಯಲ್ಲೂ ಒಬ್ಬ ಐಸಿಯು ದಾದಿ ಬೇಕು, ಯಂತ್ರದ ಒತ್ತಡವನ್ನು ಗಂಟೆಗಂಟೆಗೂ ನೋಡಿ ಬದಲಿಸಬಲ್ಲ ವೈದ್ಯರು ಬೇಕು. ಇಂಥವರನ್ನು ಟೆಂಡರ್ ಕರೆದು ತರಲಾಗುವುದಿಲ್ಲ.

ಆಮ್ಲಜನಕದ ಲೆಕ್ಕ ಇನ್ನೂ ಬಿಗಿ. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಪಾಲನ್ನು ನಿಗದಿಮಾಡಲು ಬಳಸಿದ ಸೂತ್ರದಲ್ಲಿ ಐಸಿಯು ಹಾಸಿಗೆಯೊಂದಕ್ಕೆ ನಿಮಿಷಕ್ಕೆ 24 ಲೀಟರ್ ಎಂದು ಹಿಡಿಯಲಾಗಿತ್ತು. ಐಸಿಯು ಅಲ್ಲದ ಹಾಸಿಗೆಗಳಲ್ಲಿ ಅರ್ಧದಷ್ಟಕ್ಕೆ ಮಾತ್ರ ಆಮ್ಲಜನಕ ಬೇಕಾದೀತು, ಅದೂ ನಿಮಿಷಕ್ಕೆ 10 ಲೀಟರ್ ಎಂದು ಅಂದಾಜು. 24 ಲೀಟರ್ ಎಂದರೆ ದಿನಕ್ಕೆ 34,560 ಲೀಟರ್, 7,000 ಲೀಟರಿನ ದೊಡ್ಡ ಸಿಲಿಂಡರ್ ಹೆಚ್ಚುಕಡಿಮೆ ಐದು. ಮೂಗಿನ ನಳಿಕೆಯಿಂದ ರಭಸವಾಗಿ ಗಾಳಿ ಕೊಡುವ ಹೈ ಫ್ಲೋ ಸಾಧನ ನಿಮಿಷಕ್ಕೆ 60 ಲೀಟರ್‌ವರೆಗೂ ಹೀರಬಲ್ಲದು. ಆಗ ಒಬ್ಬ ರೋಗಿಗೇ ದಿನಕ್ಕೆ ಹನ್ನೆರಡು ಸಿಲಿಂಡರ್. ಅಂದರೆ ಒಬ್ಬರಿಗೆ ಯಾವ ಸಾಧನ ಹಚ್ಚಬೇಕೆಂಬ ವೈದ್ಯರ ತೀರ್ಮಾನ ಪಕ್ಕದ ವಾರ್ಡಿನ ಆರೇಳು ಮಂದಿಯ ಪಾಲನ್ನೂ ತೀರ್ಮಾನಿಸುತ್ತದೆ. ಸೂತ್ರವನ್ನು ಮರುಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ ಅದೇ ಮೇ ತಿಂಗಳಲ್ಲಿ ಹೇಳಿದ್ದಕ್ಕೆ ಕಾರಣವಿತ್ತು.

ತೊಟ್ಟಿಯಲ್ಲಿ ದ್ರವ ಆಮ್ಲಜನಕ ಇದ್ದ ಮಾತ್ರಕ್ಕೂ ಸಾಲದು. ನೂರಾರು ರೋಗಿಗಳು ಒಮ್ಮೆಗೇ ಹೆಚ್ಚು ಎಳೆದರೆ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ, ಕೊನೆಯ ವಾರ್ಡಿಗೆ ತಲುಪುವುದು ಏನೂ ಇಲ್ಲ. ಚೆನ್ನೈನ ಅಂಚಿನ ಚೆಂಗಲ್ಪಟ್ಟು ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 2021ರ ಮೇ 4ರ ರಾತ್ರಿ ಹತ್ತಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಆಮ್ಲಜನಕ ಪೂರೈಕೆ ಕುಸಿದದ್ದೇ ಕಾರಣವೆಂದು ಬಂಧುಗಳು ದೂರಿದರು. ಕೊರತೆ ಇರಲಿಲ್ಲವೆಂದು ಆಡಳಿತ ಹೇಳಿತು.

ನಿಯಮಗಳು ಬಂದ ದಾರಿ

ತೀವ್ರ ನಿಗಾ ಘಟಕ ಹುಟ್ಟಿದ್ದೇ ಒಂದು ಸಾಂಕ್ರಾಮಿಕದ ಕೊರತೆಯಲ್ಲಿ. 1952ರ ಆಗಸ್ಟಿನಲ್ಲಿ ಕೋಪನ್‌ಹೇಗನ್‌ನ ಬ್ಲೆಗ್ಡಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯು ಸೋತ ಪೋಲಿಯೊ ರೋಗಿಗಳು ದಿನವೂ ಬರತೊಡಗಿದರು. ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗಂಟಲಿಗೆ ರಂಧ್ರ ಮಾಡಿ ನಳಿಕೆ ಹಾಕಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಡಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಆ ಚೀಲಗಳನ್ನು ಒತ್ತಿದರು. ಅಲ್ಲಿ ಯಂತ್ರದ ಕೊರತೆಯನ್ನು ಮನುಷ್ಯರು ತುಂಬಿದರು. ಎಪ್ಪತ್ತು ವರ್ಷದ ಮೇಲೆ ಚೆನ್ನೈಯಲ್ಲಿ ಯಂತ್ರ ಬಂದಿತ್ತು, ಅದನ್ನು ನಡೆಸುವ ಕೈಗಳು ಸಾಲದಾದವು.

ಯಾರಿಗೆ ಎಂಬ ಪ್ರಶ್ನೆಯನ್ನು ಮೊದಲು ಬಹಿರಂಗವಾಗಿ ಎತ್ತಿಕೊಂಡದ್ದು ಅಮೆರಿಕದ ಸಿಯಾಟಲ್. 1960ರ ದಶಕದ ಆರಂಭದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರ ಡಯಾಲಿಸಿಸ್ ಕೇಂದ್ರದಲ್ಲಿ ಯಂತ್ರ ಕಡಿಮೆ, ರೋಗಿಗಳು ಹೆಚ್ಚು. ಆಯ್ಕೆಯನ್ನು ಏಳು ಜನ ನಾಗರಿಕರ ಸಮಿತಿಗೆ ವಹಿಸಲಾಯಿತು. ಅವರು ರೋಗಿಯ ಉದ್ಯೋಗ, ಸಂಸಾರ, ಚರ್ಚಿಗೆ ಹೋಗುವ ಅಭ್ಯಾಸವನ್ನೆಲ್ಲ ತೂಗಿದರೆಂಬುದು 1962ರಲ್ಲಿ 'ಲೈಫ್' ಪತ್ರಿಕೆಯ ಮೂಲಕ ಹೊರಬಿದ್ದಾಗ ಜನ ಬೆಚ್ಚಿದರು. ಸಾಮಾಜಿಕ ಯೋಗ್ಯತೆ ಅಳೆಯಕೂಡದು ಎಂಬ ಇಂದಿನ ಒಮ್ಮತ ಆ ಬೆಚ್ಚುವಿಕೆಯಿಂದಲೇ ಬಂದದ್ದು.

ಹಾಗಾದರೆ ಅಳೆಯಬೇಕಾದದ್ದು ಏನು? ಬಹುತೇಕ ನಿಯಮಾವಳಿಗಳ ಉತ್ತರ, ಬದುಕುಳಿಯುವ ಸಾಧ್ಯತೆ. ಅದಕ್ಕೆ ಬಳಸುವುದು 1996ರಲ್ಲಿ ಪ್ರಕಟವಾದ ಸೋಫಾ ಅಂಕ: ಶ್ವಾಸಕೋಶ, ರಕ್ತ ಹೆಪ್ಪುಗಟ್ಟುವಿಕೆ, ಯಕೃತ್ತು, ರಕ್ತಪರಿಚಲನೆ, ಮಿದುಳು, ಮೂತ್ರಪಿಂಡ ಈ ಆರಕ್ಕೂ ಸೊನ್ನೆಯಿಂದ ನಾಲ್ಕು, ಒಟ್ಟು 24. ಕೋವಿಡ್‌ನಲ್ಲಿ ಇದು ಅಷ್ಟೇನೂ ಕೆಲಸಕ್ಕೆ ಬರಲಿಲ್ಲ. ಶ್ವಾಸಕೋಶ ಮಾತ್ರ ಕೆಟ್ಟು ಉಳಿದದ್ದೆಲ್ಲ ಸರಿಯಿದ್ದ ರೋಗಿಗಳೇ ಹೆಚ್ಚಿದ್ದುದರಿಂದ ಅಂಕ ಎಲ್ಲರಿಗೂ ಹತ್ತಿರಹತ್ತಿರವೇ ಬರುತ್ತಿತ್ತು. ಮೇಲಾಗಿ ಮೊದಲಿನಿಂದಲೇ ಮೂತ್ರಪಿಂಡದ ತೊಂದರೆ ಇದ್ದವರು ಹಿಂದೆ ಬೀಳುತ್ತಾರೆ. ಆ ತೊಂದರೆಯಾದರೋ ಮಧುಮೇಹಕ್ಕೆ ಸರಿಯಾದ ಚಿಕಿತ್ಸೆ ಸಿಗದ ಬಡವರಲ್ಲೇ ಹೆಚ್ಚು. ವಿಜ್ಞಾನದ ಹೆಸರಿನ ಅಂಕ ಹಿಂಬಾಗಿಲಿನಿಂದ ಬಡತನವನ್ನೇ ಎಣಿಸಿದಂತೆ.

ವಯಸ್ಸಿನ ವಿಷಯದಲ್ಲಿ ಯುರೋಪ್ ತಡವರಿಸಿತು. ಇಟಲಿಯ ಅರಿವಳಿಕೆ ಮತ್ತು ತೀವ್ರ ನಿಗಾ ತಜ್ಞರ ಸಂಘ 2020ರ ಮಾರ್ಚ್ 6ರಂದು, ಐಸಿಯು ಪ್ರವೇಶಕ್ಕೆ ವಯಸ್ಸಿನ ಮಿತಿ ಹಾಕಬೇಕಾಗಿ ಬರಬಹುದು ಎಂದು ಬರೆಯಿತು. ಬ್ರಿಟನ್ನಿನಲ್ಲಿ ದೌರ್ಬಲ್ಯ ಅಳೆಯುವ ಮಾನಕವನ್ನು ಎಲ್ಲರಿಗೂ ಅನ್ವಯಿಸುವ ಸೂಚನೆ ಬಂದು, ಅಂಗವಿಕಲರ ಸಂಘಟನೆಗಳು ಎದ್ದುನಿಂತ ಕೂಡಲೇ ತಿದ್ದುಪಡಿಯಾಯಿತು. ಜರ್ಮನಿಯ ಸಂವಿಧಾನ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ, ಇಂಥ ಆಯ್ಕೆಯಲ್ಲಿ ಅಂಗವಿಕಲರಿಗೆ ಅನ್ಯಾಯವಾಗದಂತೆ ಸಂಸತ್ತೇ ಕಾನೂನು ಮಾಡಬೇಕೆಂದಿತು.

ಮೊದಲ ಅಲೆ

ಚೆನ್ನೈ ಬರಿಗೈಯಲ್ಲಿ ಕುಳಿತ ನಗರವಲ್ಲ. ಸೆಂಟ್ರಲ್ ರೈಲು ನಿಲ್ದಾಣದ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆಯ, ಊರವರ 'ಜಿಎಚ್'ನ, ಮೂಲ 1664ರ ಕೋಟೆಯ ಆಸ್ಪತ್ರೆಯಲ್ಲಿದೆ. ಸ್ಟಾನ್ಲಿ, ಕೀಳ್ಪಾಕ್ಕಂ ವೈದ್ಯಕೀಯ ಕಾಲೇಜುಗಳು, ಓಮಂದೂರಾರ್ ಎಸ್ಟೇಟಿನ ಬಹುವಿಶೇಷ ಆಸ್ಪತ್ರೆ ಬೇರೆ ಇದ್ದವು. ಓಮಂದೂರಾರ್ ಕಟ್ಟಡ 2010ರಲ್ಲಿ ವಿಧಾನಸಭೆಗೆಂದು ಉದ್ಘಾಟನೆಯಾಗಿ, ಸರ್ಕಾರ ಬದಲಾದ ಮೇಲೆ 2014ರಲ್ಲಿ ಆಸ್ಪತ್ರೆಯಾದದ್ದು. ರಾಜಕೀಯ ಹಗೆತನದಿಂದ ಜನರಿಗೆ ಇಷ್ಟು ಪ್ರಯೋಜನವಾದ ಇನ್ನೊಂದು ನಿದರ್ಶನ ಹುಡುಕುವುದು ಕಷ್ಟ.

2020ರ ಮೇ ಮೊದಲ ವಾರ ಕೋಯಂಬೇಡು ಮಾರುಕಟ್ಟೆಯಿಂದ ಸೋಂಕು ಹರಡಿತು. ಜೂನ್ ಕೊನೆಗೆ ನಗರದಲ್ಲಿ ದಿನದ ಪ್ರಕರಣ 2 ಸಾವಿರ ದಾಟಿತು. ಜೂನ್ 10ರಂದು ಡಿಎಂಕೆ ಶಾಸಕ ಜೆ. ಅನ್ಬಳಗನ್ ಕ್ರೋಂಪೇಟೆಯ ಖಾಸಗಿ ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಶದಲ್ಲಿ ಕೋವಿಡ್‌ಗೆ ಬಲಿಯಾದ ಮೊದಲ ಶಾಸಕ ಅವರು. ಜುಲೈ 7ರಂದು ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ಕೋವಿಡ್‌ಗೇ ಮೀಸಲಾದ ಆಸ್ಪತ್ರೆ ತೆರೆಯಿತು. ಆ ಕಟ್ಟಡ ಕಟ್ಟಿದ್ದು ವೃದ್ಧರ ಆರೋಗ್ಯ ಸಂಸ್ಥೆಗಾಗಿ. ಬೇರೆ ದೇಶಗಳಲ್ಲಿ ಹಿರಿಯರಿಗೆ ಐಸಿಯು ಕೊಡಬೇಕೋ ಬೇಡವೋ ಎಂಬ ಚರ್ಚೆ ನಡೆದಿದ್ದಾಗ ಇಲ್ಲಿ ಹಿರಿಯರ ಆಸ್ಪತ್ರೆಯೇ ಎಲ್ಲರಿಗೂ ಐಸಿಯು ಆಯಿತು.

ಯಾರಿಗೆ ಚಿಕಿತ್ಸೆ ತಪ್ಪಿತು ಎಂಬ ಲೆಕ್ಕ ಮಾತ್ರ ಸಿಗಲಿಲ್ಲ. ಜುಲೈ 22ರಂದು ರಾಜ್ಯ ಸರ್ಕಾರ ಹಿಂದೆ ಬಿಟ್ಟುಹೋಗಿದ್ದ ಚೆನ್ನೈನ 444 ಸಾವುಗಳನ್ನು ಒಂದೇ ಸಲಕ್ಕೆ ಪಟ್ಟಿಗೆ ಸೇರಿಸಿತು. ಸತ್ತವರನ್ನೇ ಎಣಿಸದ ವ್ಯವಸ್ಥೆ, ಹಾಸಿಗೆ ಸಿಗದೆ ಸತ್ತವರನ್ನು ಬೇರೆ ಮಾಡಿ ಎಣಿಸೀತೆಂದು ನಿರೀಕ್ಷಿಸುವಂತಿರಲಿಲ್ಲ.

2021ರ ಮೇ

ಎರಡನೆಯ ಅಲೆ ಬಂದದ್ದು ವಿಧಾನಸಭಾ ಚುನಾವಣೆಯ ಬೆನ್ನಿಗೆ. ಏಪ್ರಿಲ್ 6ಕ್ಕೆ ಮತದಾನ, ಮೇ 2ಕ್ಕೆ ಎಣಿಕೆ, ಮೇ 7ಕ್ಕೆ ಹೊಸ ಸರ್ಕಾರ. ಮೇ ಮಧ್ಯದ ಹೊತ್ತಿಗೆ ಚೆನ್ನೈ ಒಂದರಲ್ಲೇ ದಿನಕ್ಕೆ 7 ಸಾವಿರಕ್ಕೂ ಹೆಚ್ಚು ಪ್ರಕರಣ. ಮೇ 21ರಂದು ರಾಜ್ಯದಲ್ಲಿ 36 ಸಾವಿರ ದಾಟಿತು.

ಕೊರತೆ ಕಣ್ಣಿಗೆ ಕಂಡದ್ದು ಜಿಎಚ್ ಬಾಗಿಲಲ್ಲಿ. 108 ಸೇವೆಯ ಆಂಬುಲೆನ್ಸ್‌ಗಳು ಸಾಲಾಗಿ ನಿಂತವು. ಒಳಗೆ ಹಾಸಿಗೆ ಖಾಲಿಯಾಗುವವರೆಗೆ ರೋಗಿಗೆ ವಾಹನದಲ್ಲೇ ಆಮ್ಲಜನಕ. ಹೀಗೆ ಗಂಟೆಗಟ್ಟಲೆ ನಿಂತ ಪ್ರತಿ ಆಂಬುಲೆನ್ಸೂ ಊರಿನ ಇನ್ನೊಂದು ಮೂಲೆಯಲ್ಲಿ ಕರೆಮಾಡಿ ಕಾಯುತ್ತಿದ್ದವನ ಪಾಲಿನದು. ಇದನ್ನು ಬಿಡಿಸಲು ತಂದ ಉಪಾಯ 'ಝೀರೊ ಡಿಲೇ ವಾರ್ಡ್': ಬಂದವರನ್ನು ಕೂಡಲೇ ಇಳಿಸಿಕೊಂಡು, ಆಮ್ಲಜನಕ ಹಚ್ಚಿ, ಸ್ಥಿತಿ ನೋಡಿ, ಆಮೇಲೆ ಯಾವ ಘಟಕಕ್ಕೆ ಎಂದು ನಿರ್ಧರಿಸುವುದು. ಸೋಂಕು ಹಗುರವಾಗಿದ್ದವರನ್ನು ಮನೆಯಿಂದ ತಪಾಸಣಾ ಕೇಂದ್ರಕ್ಕೆ ಸಾಗಿಸಲು ಮಹಾನಗರಪಾಲಿಕೆ ಕಾರುಗಳನ್ನು ಬಾಡಿಗೆಗೆ ಹಿಡಿಯಿತು. ಹೀಗೆ ಕ್ರಮ ಬದಲಿಸಿದ್ದರಿಂದ ಬಾಗಿಲಿನ ಸಾಲು ಕರಗಿತು. ಚೆನ್ನೈನ ಅನುಭವದಲ್ಲಿ ಬೇರೆ ನಗರಗಳು ಎತ್ತಿಕೊಳ್ಳಬೇಕಾದ ಮೊದಲ ಪಾಠ ಇದೇ.

ಇನ್ನೊಂದು ವ್ಯವಸ್ಥೆ, ತೇನಾಂಪೇಟೆಯ ವೈದ್ಯಕೀಯ ಸೇವೆಗಳ ನಿರ್ದೇಶನಾಲಯದ (ಡಿಎಂಎಸ್) ಆವರಣದ ಏಕೀಕೃತ ಕಮಾಂಡ್ ಕೇಂದ್ರ, ಜನರ ಮಾತಿನಲ್ಲಿ 'ವಾರ್ ರೂಮ್'. ಐಎಎಸ್ ಅಧಿಕಾರಿ ಡಾ. ದಾರೇಜ್ ಅಹಮದ್ ಅದರ ಹೊಣೆ ಹೊತ್ತಿದ್ದರು. 104 ಸಹಾಯವಾಣಿಗೆ ಬಂದ ಕರೆ, ಟ್ವಿಟರಿನಲ್ಲಿ ಬಂದ ಕೋರಿಕೆ ಇವನ್ನು ಖಾಲಿ ಹಾಸಿಗೆಗಳ ಪಟ್ಟಿಯೊಂದಿಗೆ ಹೊಂದಿಸುವುದು ಅಲ್ಲಿನ ಕೆಲಸ. ಮೇ 14ರ ರಾತ್ರಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅಲ್ಲಿಗೆ ಹೋಗಿ ತಾವೇ ಒಂದು ಕರೆಗೆ ಉತ್ತರಿಸಿದ್ದು ಮರುದಿನದ ಸುದ್ದಿ. ವಾರ್ ರೂಮ್ ನಿಜವಾಗಿ ಉಪಕಾರ ಮಾಡಿತು, ಅನುಮಾನವಿಲ್ಲ. ಆದರೆ ಹಾಸಿಗೆ ಎಲ್ಲಿದೆ ಎಂದು ತಿಳಿಸುವುದು ಬೇರೆ, ಒಂದು ಹಾಸಿಗೆಗೆ ಹತ್ತು ಜನ ಇದ್ದಾಗ ಯಾರಿಗೆ ಎಂದು ತಿಳಿಸುವುದು ಬೇರೆ. ಎರಡನೆಯದಕ್ಕೆ ಕೈಯಲ್ಲಿದ್ದದ್ದು ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿ ಮಾತ್ರ: ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಶೇಕಡ 90ರಿಂದ 93 ಇದ್ದರೆ ಮಧ್ಯಮ, 90ಕ್ಕಿಂತ ಕೆಳಗಿದ್ದರೆ ತೀವ್ರ. ತೀವ್ರ ಎಂದಾದವರೆಲ್ಲರಿಗೂ ಐಸಿಯು ಎಂದು ಅದು ಹೇಳುತ್ತದೆ. 'ಎಲ್ಲರಿಗೂ' ಆಗದಿದ್ದಾಗ ಏನು ಎಂಬಲ್ಲಿ ಮೌನ. ಆ ಮೌನವನ್ನು ತುಂಬಿದವರು ರಾತ್ರಿ ಪಾಳಿಯ ಸ್ನಾತಕೋತ್ತರ ವಿದ್ಯಾರ್ಥಿ ವೈದ್ಯರು. ಆ ವಯಸ್ಸಿನವರ ತಲೆಯ ಮೇಲೆ, ಒಂದು ಹಾಳೆಯ ಲಿಖಿತ ಸೂಚನೆಯೂ ಇಲ್ಲದೆ, ಈ ಭಾರ ಹಾಕಿದ್ದು ಅನ್ಯಾಯ.

ರೆಮ್ಡೆಸಿವಿರ್ ಕಥೆಯನ್ನು ಇಲ್ಲಿ ಹೇಳಲೇಬೇಕು. ತಮಿಳುನಾಡು ವೈದ್ಯಕೀಯ ಸೇವಾ ನಿಗಮ ಏಪ್ರಿಲ್ 26ರಿಂದ ಕೀಳ್ಪಾಕ್ಕಂ ವೈದ್ಯಕೀಯ ಕಾಲೇಜಿನಲ್ಲಿ ಈ ಔಷಧವನ್ನು ನೇರವಾಗಿ ಮಾರಿತು. ಕಾಳಸಂತೆ ತಪ್ಪಿಸುವುದು ಉದ್ದೇಶ. ದೂರದ ಜಿಲ್ಲೆಗಳಿಂದಲೂ ಬಂದು ಜನ ರಾತ್ರಿಯಿಡೀ ಸಾಲುಗಟ್ಟಿದರು. ಮೇ ಮಧ್ಯದಲ್ಲಿ ಮಾರಾಟ ನೆಹರು ಕ್ರೀಡಾಂಗಣಕ್ಕೆ ಹೋಯಿತು, ಜಂಗುಳಿ ಇನ್ನೂ ಹೆಚ್ಚಿತು, ಕೊನೆಗೆ ಔಷಧವನ್ನು ನೇರ ಆಸ್ಪತ್ರೆಗಳಿಗೇ ಕೊಡುವ ಪದ್ಧತಿ ಬಂತು. ಮೊದಲು ಬಂದವರಿಗೆ ಮೊದಲು ಎಂಬ ನಿಯಮ ನೋಡಲು ನ್ಯಾಯವಾಗಿದೆ. ಆದರೆ ಸಾಲಿನಲ್ಲಿ ನಿಲ್ಲಲು ಆರೋಗ್ಯವಂತ ಬಂಧು ಬೇಕು, ಬಿಡುವು ಬೇಕು, ಗಾಡಿ ಬೇಕು. ಹೆಚ್ಚು ಕಾಯಿಲೆಯವನಿಗಿಂತ ಹೆಚ್ಚು ನೆಂಟರಿರುವವನೇ ಗೆಲ್ಲುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯಂತೂ 2020ರ ನವೆಂಬರಿನಲ್ಲೇ ಆಸ್ಪತ್ರೆಯ ಕೋವಿಡ್ ರೋಗಿಗಳಿಗೆ ಈ ಔಷಧ ಬೇಡವೆಂದು ಹೇಳಿತ್ತು.

ಹಣ

ದೊಡ್ಡ ಜರಡಿ ಹಣವೇ. 2020ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ಖಾಸಗಿ ಆಸ್ಪತ್ರೆಯ ಐಸಿಯು ದರಕ್ಕೆ ದಿನಕ್ಕೆ 15,000 ರೂಪಾಯಿಯ ಮಿತಿ ಹಾಕಿತು. ಹತ್ತು ದಿನಕ್ಕೆ ಒಂದೂವರೆ ಲಕ್ಷ, ಅದೂ ಮಿತಿ ಪಾಲಿಸಿದರೆ. 2021ರ ಮೇ 7ರಂದು ಸ್ಟಾಲಿನ್ ಸಹಿ ಹಾಕಿದ ಮೊದಲ ಐದು ಆದೇಶಗಳಲ್ಲಿ, ಮುಖ್ಯಮಂತ್ರಿಯ ವಿಮಾ ಯೋಜನೆಯಡಿ ಖಾಸಗಿ ಆಸ್ಪತ್ರೆಯ ಕೋವಿಡ್ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸುವುದೂ ಒಂದು. ಹಂಚಿಕೆಯ ನೀತಿ ಎಂದು ಯಾರೂ ಕರೆಯದಿದ್ದರೂ ಆ ಸಹಿ ಬಹಳಷ್ಟು ನೀತಿಸಂಹಿತೆಗಳಿಗಿಂತ ಪರಿಣಾಮಕಾರಿ.

ಎಕ್ಮೊ ಇನ್ನೂ ಮೇಲಿನ ಮಾತು. ದೇಹದ ರಕ್ತವನ್ನು ಹೊರಗೆ ತಂದು ಆಮ್ಲಜನಕ ಬೆರೆಸಿ ಮರಳಿ ಕಳಿಸುವ ಈ ಯಂತ್ರದ ಹೆಸರು ಕನ್ನಡದ ಮನೆಮನೆಗೆ ತಿಳಿದದ್ದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಂದ. 2020ರ ಆಗಸ್ಟ್ 5ರಂದು ಚೆನ್ನೈನ ಎಂಜಿಎಂ ಹೆಲ್ತ್‌ಕೇರ್ ಸೇರಿದ ಅವರು ವಾರಗಟ್ಟಲೆ ಎಕ್ಮೊ ಆಧಾರದಲ್ಲಿದ್ದು ಸೆಪ್ಟೆಂಬರ್ 25ರಂದು ತೀರಿಕೊಂಡರು. ಎಕ್ಮೊ ಬಲ್ಲ ತಂಡಗಳು ದೇಶದಲ್ಲೇ ಕೆಲವು, ಅವುಗಳಲ್ಲಿ ಚೆನ್ನೈಗೆ ದೊಡ್ಡ ಪಾಲು, ಬಹುಮಟ್ಟಿಗೆ ಖಾಸಗಿ ಆಸ್ಪತ್ರೆಗಳಲ್ಲಿ. ವೆಚ್ಚ ದಿನಕ್ಕೆ ಲಕ್ಷಗಳ ಮಾತು. ಸರ್ಕಾರಿ ವಾರ್ಡಿನ ರೋಗಿಗೆ ಅದನ್ನು ನಿರಾಕರಿಸಬೇಕಾದ ಪ್ರಸಂಗವೇ ಬರಲಿಲ್ಲ, ಏಕೆಂದರೆ ಕೇಳುವವರೇ ಇರಲಿಲ್ಲ.

ರಾಜ್ಯಗಳ ನಡುವೆ, ಗಡಿಯಲ್ಲಿ

ಹಂಚಿಕೆ ಹಾಸಿಗೆಯ ಬಳಿ ಮಾತ್ರ ನಡೆಯುವುದಿಲ್ಲ. ಶ್ರೀಪೆರಂಬುದೂರಿನ ಘಟಕದ ಆಮ್ಲಜನಕ ಆಂಧ್ರ, ತೆಲಂಗಾಣಗಳಿಗೆ ಹೋಗುತ್ತಿದೆಯೆಂದು 2021ರ ಏಪ್ರಿಲ್‌ನಲ್ಲಿ ಆಗಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ ಪ್ರಧಾನಿಗೆ ಬರೆದರು. ಮದ್ರಾಸ್ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. 220 ಟನ್ನಿದ್ದ ರಾಜ್ಯದ ದೈನಿಕ ಪಾಲನ್ನು ಮೇ ತಿಂಗಳಲ್ಲಿ 419ಕ್ಕೆ ಏರಿಸಲಾಯಿತು. ಕರ್ನಾಟಕದ ಪಾಲನ್ನು 1,200 ಟನ್ನಿಗೆ ಏರಿಸಬೇಕೆಂದು ಕರ್ನಾಟಕ ಹೈಕೋರ್ಟ್ ಮೇ 5ರಂದು ಆದೇಶಿಸಿತು; ಮೇ 7ರಂದು ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಬಳಿಕ ಸುಪ್ರೀಂ ಕೋರ್ಟೇ ನೇಮಿಸಿದ ರಾಷ್ಟ್ರೀಯ ಕಾರ್ಯಪಡೆಯಲ್ಲಿ ವೆಲ್ಲೂರು ಸಿಎಂಸಿಯ ಜೆ.ವಿ. ಪೀಟರ್ ಮತ್ತು ಗಗನ್‌ದೀಪ್ ಕಾಂಗ್, ಬೆಂಗಳೂರಿನ ದೇವಿಪ್ರಸಾದ್ ಶೆಟ್ಟಿ ಇದ್ದರು.

ಜಿಲ್ಲೆಗಳ ನಡುವೆಯೂ ಪೈಪೋಟಿಯ ಮಾತು ಕೇಳಿಬಂದದ್ದು ಚಾಮರಾಜನಗರದಲ್ಲಿ. ಮೇ 2ರ ರಾತ್ರಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ, ಅಧಿಕೃತ ಲೆಕ್ಕದಲ್ಲೇ, 24 ಮಂದಿ ಸತ್ತರು. ಸಿಲಿಂಡರ್‌ಗಳನ್ನು ಮೈಸೂರು ತಡೆಹಿಡಿಯಿತೆಂಬ ಆರೋಪವನ್ನು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡ ಸಮಿತಿ ಒಪ್ಪಲಿಲ್ಲ. ರಾಜ್ಯದ ಗಡಿಯೂ ಹಂಚಿಕೆಗೆ ಅಡ್ಡ ಬರುತ್ತದೆ. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ, ಕನ್ನಡ ಮಾತಿನ ತಾಳವಾಡಿಯವರಿಗೆ ದಿಂಬಂ ಘಟ್ಟ ಇಳಿದು ಹೋಗುವುದಕ್ಕಿಂತ ಚಾಮರಾಜನಗರವೇ ಹತ್ತಿರ. ಕಾಸರಗೋಡಿನವರಿಗೆ ಮಂಗಳೂರು ಹೇಗೋ ಹಾಗೆ. 2020ರ ಮಾರ್ಚ್ ಕೊನೆಗೆ ಕರ್ನಾಟಕ ತಲಪಾಡಿ ಗಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದಾಗ, ಕೋವಿಡ್ ಅಲ್ಲದ ರೋಗಿಗಳೂ ಮಂಗಳೂರು ತಲುಪಲಾಗದೆ ಸತ್ತರು. ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್ ದಾಟಿ ಏಪ್ರಿಲ್ 7ರ ಹೊತ್ತಿಗೆ ಆಂಬುಲೆನ್ಸ್‌ಗೆ ದಾರಿಯಾಯಿತು. ವಾಸದ ಊರನ್ನು ನೋಡಿ ಹಾಸಿಗೆ ಕೊಡುವ ಪದ್ಧತಿ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ತಲಪಾಡಿಗಿಂತ ಬೇರೆ ಪುರಾವೆ ಬೇಡ. ಸ್ಥಳೀಯ ವಿಳಾಸವಿಲ್ಲವೆಂದು ಯಾರಿಗೂ ಪ್ರವೇಶ ನಿರಾಕರಿಸಕೂಡದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರ ಏಪ್ರಿಲ್ 30ರಂದು, ಒಂದು ವರ್ಷ ತಡವಾಗಿ.

ಕಾನೂನು

ರೈಲಿನಿಂದ ಬಿದ್ದ ಕೂಲಿಕಾರನೊಬ್ಬನನ್ನು ಹಾಸಿಗೆ ಇಲ್ಲವೆಂದು ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ವಾಪಸು ಕಳಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ, ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದಿತ್ತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಅವರಿಗೆ ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆನ್ನುತ್ತದೆ. ಆದ್ದರಿಂದ ವಿದೇಶಿ ಅಂಕಪಟ್ಟಿಗಳನ್ನು ಇಲ್ಲಿ ಹಾಗೆಯೇ ಎರವಲು ತರಲು ಬರುವುದಿಲ್ಲ. ಒಬ್ಬರ ವೆಂಟಿಲೇಟರ್ ತೆಗೆದು ಹೆಚ್ಚು ಬದುಕುವ ಸಾಧ್ಯತೆಯಿರುವ ಇನ್ನೊಬ್ಬರಿಗೆ ಹಚ್ಚುವುದಕ್ಕಂತೂ ಭಾರತದಲ್ಲಿ ಕಾನೂನಿನ ಬೆಂಬಲವಿಲ್ಲ. ಜೀವಾಧಾರ ಹಿಂತೆಗೆಯುವ ಕುರಿತ 2018ರ ತೀರ್ಪು ಮತ್ತು ಅದರ 2023ರ ಪರಿಷ್ಕರಣೆ ಗುಣವಾಗದ ರೋಗಿಯ ಘನತೆಯ ಪ್ರಶ್ನೆಗೆ ಸೇರಿದವು, ಇನ್ನೊಬ್ಬನ ಅಗತ್ಯಕ್ಕಲ್ಲ.

ಅಂಗಾಂಗಗಳ ಪಟ್ಟಿ

ತಮಿಳುನಾಡಿನ ಮೃತದಾನಿ ಅಂಗಾಂಗ ಕಸಿ ಕಾರ್ಯಕ್ರಮ 2008ರಲ್ಲಿ ಆರಂಭವಾಯಿತು. ರಕ್ತನಾಳ ಶಸ್ತ್ರವೈದ್ಯ ಡಾ. ಜೆ. ಅಮಲೋರ್ಪವನಾದನ್ ಅದನ್ನು ಕಟ್ಟಿ ನಿಲ್ಲಿಸಿದವರು. ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳ ರೋಗಿಗಳು ನೋಂದಾಯಿತ ಪಟ್ಟಿಯಲ್ಲಿ ಇರುತ್ತಾರೆ. ಅಂಗ ದೊರೆತಾಗ ಯಾವ ಆಸ್ಪತ್ರೆಗೆ ಯಾವುದು, ಆಮೇಲೆ ಯಾರ ಸರದಿ ಎಂಬುದು ಮೊದಲೇ ಬರೆದಿರುತ್ತದೆ. 2018ರಲ್ಲಿ ವಿದೇಶಿ ರೋಗಿಗಳಿಗೆ ಹೃದಯಗಳು ಹೋಗುತ್ತಿವೆಯೆಂಬ ಆಪಾದನೆ ಎದ್ದಿತು. ಆ ಜಗಳ ಕಹಿಯಾಗಿತ್ತು, ಆದರೆ ಜಗಳವಾಡಲು ಒಂದು ಪಟ್ಟಿ ಇತ್ತು, ಯಾರ ಹೆಸರು ಯಾವ ದಿನ ಎಲ್ಲಿತ್ತು ಎಂದು ಕೇಳಬಹುದಿತ್ತು. 2021ರ ಮೇ ತಿಂಗಳ ಐಸಿಯು ಹಾಸಿಗೆಗಳ ಬಗ್ಗೆ ಅಂಥ ಪ್ರಶ್ನೆ ಕೇಳಲು ಕಾಗದವೇ ಇಲ್ಲ. ಅಂಗಾಂಗಕ್ಕೆ ಗಂಟೆಗಳ ವ್ಯವಧಾನವಿದೆ, ಉಸಿರು ಕಟ್ಟಿದವನಿಗೆ ನಿಮಿಷಗಳಷ್ಟೇ ಎಂಬ ಆಕ್ಷೇಪ ನಿಜ. ಆದರೆ ನಿಯಮ ಬರೆಯಬೇಕಾದದ್ದು ಆ ನಿಮಿಷಗಳಲ್ಲಿ ಅಲ್ಲ, ಎರಡು ಅಲೆಗಳ ನಡುವೆ ಸಿಕ್ಕ ತಿಂಗಳುಗಳಲ್ಲಿ.

ಪಟ್ಟಿ ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗುವುದೂ ಇಲ್ಲ. ಬೆಂಗಳೂರಿನಲ್ಲಿ ಬಿಬಿಎಂಪಿ ಪೋರ್ಟಲ್ ಮೂಲಕವೇ ಹಾಸಿಗೆ ಹಂಚಿಕೆಯಾಗುತ್ತಿತ್ತು. ಅಲ್ಲೂ ಸುಳ್ಳು ಹೆಸರಿನಲ್ಲಿ ಹಾಸಿಗೆ ಕಾದಿರಿಸಿ ಮಾರುವ ದಂಧೆಯ ಆರೋಪ 2021ರ ಮೇ 4ರಂದು ಹೊರಬಂದು ಸಿಸಿಬಿ ಪೊಲೀಸರ ತನಿಖೆ ನಡೆಯಿತು. ಸಂಸದ ತೇಜಸ್ವಿ ಸೂರ್ಯ ಬಿಬಿಎಂಪಿ ವಾರ್ ರೂಮಿನ ಒಂದೇ ಸಮುದಾಯದ ನೌಕರರ ಹೆಸರು ಓದಿದ್ದು ಇನ್ನೊಂದು ವಿವಾದವಾಗಿ, ಮೂಲ ಪ್ರಶ್ನೆ ಹಿಂದೆ ಸರಿಯಿತು.

ಈಚಿನ ಸ್ಥಿತಿ

ಗಿಂಡಿಯ ಕೋವಿಡ್ ಆಸ್ಪತ್ರೆಯ ಕಟ್ಟಡ ಹಿರಿಯರ ಆರೈಕೆಗೆ ಮರಳಿತು. ಅದೇ ಆವರಣದಲ್ಲಿ 2023ರ ಜೂನ್ 15ರಂದು 1,000 ಹಾಸಿಗೆಯ ಕಲೈಞರ್ ಶತಮಾನೋತ್ಸವ ಆಸ್ಪತ್ರೆ ಉದ್ಘಾಟನೆಯಾಯಿತು. ಸಾಂಕ್ರಾಮಿಕದ ವೇಳೆ ಗುತ್ತಿಗೆಯ ಮೇಲೆ ನೇಮಿಸಿಕೊಂಡಿದ್ದ ಎರಡು ಸಾವಿರಕ್ಕೂ ಹೆಚ್ಚು ದಾದಿಯರ ಸೇವೆಯನ್ನು ತಮಿಳುನಾಡು ಸರ್ಕಾರ 2022ರ ಡಿಸೆಂಬರ್ ಕೊನೆಗೆ ಮುಗಿಸಿತು. ಅವರು ಬೀದಿಗಿಳಿದು ಪ್ರತಿಭಟಿಸಿದರು. ಹಾಸಿಗೆ ಹೆಚ್ಚಿಸಿ ಕೈಗಳನ್ನು ಕಡಿಮೆ ಮಾಡಿದ್ದು ವಿವೇಕದ ಕೆಲಸವಲ್ಲ.

ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 24 ತಜ್ಞರಿಂದ ಸಿದ್ಧಪಡಿಸಿದ ಐಸಿಯು ಪ್ರವೇಶ ಮತ್ತು ಬಿಡುಗಡೆಯ ಮಾರ್ಗಸೂಚಿ 2024ರ ಆರಂಭದಲ್ಲಿ ಹೊರಬಂತು. ರೋಗಿ ಅಥವಾ ಬಂಧುಗಳು ಒಪ್ಪದಿದ್ದರೆ ಐಸಿಯುಗೆ ಸೇರಿಸಕೂಡದು, ಮುಂಗಡ ಇಚ್ಛಾಪತ್ರ ಬರೆದಿಟ್ಟವರ ಮಾತು ನಡೆಯಬೇಕು ಎಂಬ ಒಳ್ಳೆಯ ಅಂಶಗಳು ಅದರಲ್ಲಿವೆ. ಸಾಂಕ್ರಾಮಿಕ ಅಥವಾ ವಿಪತ್ತಿನಲ್ಲಿ ಸೌಲಭ್ಯ ಕಡಿಮೆ ಬಿದ್ದಾಗ ಕಡಿಮೆ ಆದ್ಯತೆಯ ರೋಗಿಗಳನ್ನು ಹೊರಗಿಡಬಹುದು ಎಂಬುದಕ್ಕೆ ಅದು ಕೊಟ್ಟಿರುವ ಜಾಗ ಒಂದು ಸಾಲು. ಬರೆಯಬೇಕಾದದ್ದು ಇನ್ನೂ ಇದೆ. ಆದ್ಯತೆ ನಿರ್ಧರಿಸುವವರು ಚಿಕಿತ್ಸೆ ಕೊಡುವ ವೈದ್ಯರಲ್ಲದ ಬೇರೆ ಸಮಿತಿಯವರಾಗಿರಬೇಕು, ಕಾರಣ ಬರಹದಲ್ಲಿರಬೇಕು, ಬಂಧುಗಳಿಗೆ ಆ ರಾತ್ರಿಯೇ ಕೇಳಲು ಒಬ್ಬರಿರಬೇಕು. ಇದನ್ನು ಕಸಿ ಪಟ್ಟಿ ಮಾಡಿದ ರಾಜ್ಯವೇ ಮೊದಲು ಬರೆಯಬಹುದು, ಕರ್ನಾಟಕ ಅದನ್ನು ನೋಡಿ ಬರೆದುಕೊಳ್ಳಬಹುದು.